ಮೇಘಾಳ ಬೆನ್ನು

ಹುಮನಾಬಾದ
12-1-2025

ಪ್ರೀತಿಯ ಕಸ್ತೂರಿ ಅಕ್ಕನಿಗೆ ಜಯಮಾಲಾಳ ಶರಣಾರ್ಥಿ.

ಬಸವಕಲ್ಯಾಣದಿಂದ ನೀನು ಬರೆದ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ. ಸಿಟ್ಟು ಮಾಡಿಕೊಳ್ಳಬೇಡ. ಮೇಘಾ ಎದ್ದು ನಡೆದ ಮೇಲೆಯೇ ಬರೆಯಬೇಕೆಂದು ಕಾದೆ. ನನ್ನ ಮಗಳು ಈಗ ನಡೆಯುತ್ತಿದ್ದಾಳೆ, ನೆಟ್ಟಗೆ.

ಹೈದರಾಬಾದಿನ ಡಾಕ್ಟರು ಬಸವಕುಮಾರ ನಮ್ಮ ಕಡೆಯವರೇ. ಆಪರೇಷನ್ನಿಗೆ ಮೊದಲು ಮೇಘಾಳನ್ನೇ ಕೂರಿಸಿ ಹೇಳಿದರು: "ನಿನ್ನ ಬೆನ್ನಿನ ಎಲುಬು ಬಾಗಿ ತಿರುಚಿಕೊಂಡಾವ. ನೆಟ್ಟಗ ಮಾಡಲಿಕ್ಕ ಸ್ಕ್ರೂ ಹಾಕಬೇಕು, ಮ್ಯಾಲಿಂದ ನೋಡಿದ್ರ ಅದರ ದಾರಿ ಸರಿಯಾಗಿ ತಿಳಿಯಂಗಿಲ್ಲ. ಅದಕ್ಕ ಆಪರೇಷನ್ ಟೇಬಲ್ ಮ್ಯಾಲೇ ಸ್ಕ್ಯಾನ್ ಮಾಡತೇವಿ. ನನ್ನ ಕೈಯಾಗಿನ ಹತಿಯಾರ ಎಲ್ಲಿ ಅದ ಅಂತ ಕ್ಯಾಮೆರಾ ನೋಡಿ, ಕಂಪ್ಯೂಟರಿನ ಚಿತ್ರದಾಗ ತೋರಸ್ತದ."

ನಮ್ಮ ಮನೆಯವರೂ ನಾನೂ ಪಕ್ಕದಲ್ಲೇ ಕೂತಿದ್ದೆವು. ಹದಿನಾರರ ಹುಡುಗಿ ಕೇಳಿದಳು, "ಕಂಪ್ಯೂಟರ್ ತಪ್ಪು ತೋರಸಿದ್ರ ಹ್ಯಾಂಗ್ರಿ?"

ಡಾಕ್ಟರು ನಕ್ಕರು. "ಛಲೋ ಕೇಳಿದಿ. ಗೊತ್ತಿದ್ದ ಎಲುಬಿನ ತುದಿ ಮುಟ್ಟಿ, ಚಿತ್ರ ಸರಿ ಅದನೋ ಇಲ್ಲೋ ನೋಡಕೋತೇನಿ. ಕೈ ನಂದ, ಜವಾಬ್ದಾರಿನೂ ನಂದ."

"ಹಂಗಾದ್ರ ಮಾಡ್ರಿ," ಎಂದಳು. ನಮ್ಮನ್ನು ಕೇಳಲೇ ಇಲ್ಲ.

ಆರು ತಾಸು. ಹದಿನಾಲ್ಕು ಸ್ಕ್ರೂ, ಎರಡು ಸರಳು. ಎಚ್ಚರವಾದ ಮೇಲೆ ಡಾಕ್ಟರು ಕಾಲ್ಬೆರಳು ಅಲ್ಲಾಡಿಸಲು ಹೇಳಿದರು. ಹತ್ತೂ ಆಡಿದವು. ನಮ್ಮ ಮನೆಯವರು ಹೊರಗೆ ಹೋಗಿ ಗೋಡೆಗೆ ಮುಖಮಾಡಿ ನಿಂತುಬಿಟ್ಟರು.

ಮರುದಿನ ನರ್ಸ್ ಜೈನಬಿ ಹಿಡಿದು ನಿಲ್ಲಿಸಿದಾಗ ನೋವಿಗೆ ತುಟಿ ಕಚ್ಚಿ ಕಣ್ಣು ಮುಚ್ಚಿದ್ದಳು. ಮೆಲ್ಲಗೆ ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ಅವ್ವಾ, ನಿನ್ನ ನೆತ್ತಿ ಮ್ಯಾಲ ಬಿಳಿ ಕೂದಲಾ ಅವ. ಇಷ್ಟ ದಿನ ನನಗ ಕಂಡಿದ್ದೇ ಇಲ್ಲ."

ನನಗಿಂತ ಎತ್ತರವಾಗಿದ್ದಾಳೆ, ಅಕ್ಕಾ. ಅಂಗಡಿಗೆ ಬಂದವರಿಗೆಲ್ಲ ಇವರು ಮೊಬೈಲಿನಲ್ಲಿ ಅವಳ ಎಕ್ಸ್‌ರೇ ತೋರಿಸುತ್ತಾರೆ. ಬೇಳೆ ತೂಗುವುದೂ ಮರೆಯುತ್ತದೆ.

ನಿನ್ನ ಮನೆಯವರೆಲ್ಲರ ಮೈ ಗಟ್ಟಿಯಾಗಿರಲಿ, ಮಕ್ಕಳು ಸುಖವಾಗಿರಲಿ.

ನಿನ್ನ ತಂಗಿ,
ಜಯಮಾಲಾ

ತಾ.ಕ.: ನಿನ್ನ ಮಗಳು ಮೀನಾಳ ಮದುವೆಗೆ ಬಂದಾಗ, ಮೇಘಾಳಿಗೆ ಜ್ವರ, ಮನೆಯಲ್ಲಿದ್ದಾಳೆ ಎಂದಿದ್ದೆ. ಜ್ವರ ಇರಲಿಲ್ಲ. ಹೊಸ ಲಂಗ ಉಟ್ಟು ತಯಾರಾಗಿ ನಿಂತಿದ್ದಳು. ಬೀಗರು ಅವಳ ಬೆನ್ನು ನೋಡಿ ಏನನ್ನುತ್ತಾರೋ ಎಂದು ನಾನೇ ಬಿಟ್ಟು ಬಂದೆ. ನಿನ್ನೆ ಕೇಳಿದಳು: "ಆಪರೇಷನ್ ಆಗದಿದ್ರ ನನ್ನ ಯಾವ ಮದುವಿಗೂ ಕರಕೊಂಡ ಹೋಗತಿದ್ದಿಲ್ಲೇನವ್ವಾ?"