ಎರಡು ದಿನ ತಡವಾದ ಪರೀಕ್ಷೆ

ಲ್ಯಾಬಿನ ಹಿಂದಿನ ಕೋಣೆಯಿಂದ
ಮಂಗಳವಾರ, ಮಾರ್ಚ್ ೧೨

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಹೊಲಿಗೆ ಮಿಷನ್ನಿನ ಮುಂದೆ ಕೂತರೆ ನಿನಗೆ ಊಟದ ಪರಿವೆಯೂ ಇರುವುದಿಲ್ಲ, ಬಲ್ಲೆ. ಅಮ್ಮನ ಮಂಡಿ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದೆ. ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಫೋನಿನಲ್ಲಿ ಹೇಳಲು ನಾಲಿಗೆ ಏಳದೆ ಕಾಗದ ಹಿಡಿದೆ.

ಹೋದ ವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುತ್ತಿದ್ದ ಹಾಗೇ ಒಬ್ಬ ಹುಡುಗಿಯನ್ನು ಅವಳ ಗೆಳತಿ ಹೆಗಲು ಕೊಟ್ಟು ಕರೆತಂದಳು. ಹಿಂದಿನ ಸಂಜೆ ಆಫೀಸಿನ ಪಾರ್ಟಿಯಲ್ಲಿ ಕುಡಿದದ್ದು ಒಂದೇ ಲೋಟ ಜ್ಯೂಸು. ಆಮೇಲಿನದು ಏನೂ ನೆನಪಿಲ್ಲವಂತೆ. ನಾನು ರಿಜಿಸ್ಟರ್ ಬಿಡಿಸಿ ಹೆಸರು, ವಿಳಾಸ ಎಂದು ಶುರುಮಾಡಿದೆ. ಹೊಸದಾಗಿ ಬಂದಿರುವ ಡಾಕ್ಟರಮ್ಮ ನನ್ನ ಪೆನ್ನು ಕಿತ್ತುಕೊಂಡರು. "ಮೊದಲು ಮೂತ್ರ ತಗೊಳ್ಳಿ, ಕೇಳೋದೆಲ್ಲ ಆಮೇಲೆ. ಅದು ಹನ್ನೆರಡು ಗಂಟೆಯೊಳಗೆ ಮೈಬಿಟ್ಟು ಹೋಗುತ್ತೆ."

ಅದು ಒಂದು ಮಂಪರು ಔಷಧಿ. ಅಮಲಿಗೆಂದು ತಾವೇ ಕುಡಿಯುವವರಿದ್ದಾರೆ, ಇನ್ನೊಬ್ಬರ ಲೋಟಕ್ಕೆ ಸುರಿಯುವವರೂ ಇದ್ದಾರೆ. ನಮ್ಮಲ್ಲಿರುವ, ಮೂತ್ರಕ್ಕೆ ಅದ್ದುವ ಪರೀಕ್ಷೆಯ ಪಟ್ಟಿ ಹತ್ತು ಬಗೆಯ ಮಾದಕವಸ್ತು ಹಿಡಿಯುತ್ತದೆ, ಇದನ್ನು ಮಾತ್ರ ಹಿಡಿಯುವುದಿಲ್ಲ. ಹಾಗಾಗಿ ದೊಡ್ಡ ಲ್ಯಾಬಿಗೆ ಕಳಿಸಿದೆವು. ನಿನ್ನೆ ಬೆಳಿಗ್ಗೆ ಫಲಿತಾಂಶ ಬಂತು: ಸಿಕ್ಕಿತ್ತು. ಹುಡುಗಿ ಕಾಗದವನ್ನು ಎದೆಗೊತ್ತಿಕೊಂಡು ಬೆಂಚಿನ ಮೇಲೆ ಕುಸಿದಳು. "ನಾನು ಸುಳ್ಳು ಹೇಳಿರ್ಲಿಲ್ಲ ಅಲ್ವಾ?" ಎಂದು ನನ್ನನ್ನು ಕೇಳಿದಳು.

ಎರಡು ದಿನ ಬಿಟ್ಟು ಬಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರಮ್ಮನನ್ನು ವಿಚಾರಿಸಿದೆ. "ಏನೂ ಸಿಗ್ತಿರಲಿಲ್ಲ. ಸಿಗಲಿಲ್ಲ ಅಂದ್ರೆ ಆಗಲಿಲ್ಲ ಅಂತಲ್ಲ" ಎಂದರು.

ಆರು ವರ್ಷದ ಹಿಂದೆ ನೀನು ಹಾಗೆಯೇ ಮನೆಗೆ ಬಂದಿದ್ದೆ. ಒಂದು ದಿನವಿಡೀ ಮಲಗಿ, ಇನ್ನೊಂದು ದಿನ ಬಾಯಿ ಬಿಡದೆ, ಕೊನೆಗೆ ನಿನ್ನ ಲೋಟಕ್ಕೆ ಯಾರೋ ಏನೋ ಬೆರೆಸಿದ್ದರೆಂದು ಹೇಳಿದೆ. ಅಪ್ಪ ನನ್ನ ಹತ್ತಿರ ಕಳಿಸಿದರು. ನಾನೋ, ಕೆಲಸಕ್ಕೆ ಸೇರಿ ಆರು ತಿಂಗಳಾದ ಮಹಾ ಪಂಡಿತೆ! ಪಟ್ಟಿ ಅದ್ದಿ, ಏನೂ ಇಲ್ಲ ಎಂದು ಬರೆದು, ರಿಪೋರ್ಟನ್ನು ನಿನ್ನ ಕೈಗಲ್ಲ, ಅಪ್ಪನ ಕೈಗಿಟ್ಟೆ. "ಕುಡಿದು ಬಿದ್ದಿದ್ದಕ್ಕೆ ಕಥೆ ಕಟ್ತಾಳೆ" ಎಂದರು ಅಪ್ಪ. ನೀನು ನನ್ನ ಮುಖ ನೋಡಿದೆ. ನಾನು ನೆಲ ನೋಡಿದೆ. ಮುಂದಿನ ವಾರ ನೀನು ಒಂದೇ ಸೂಟ್‌ಕೇಸ್ ಹಿಡಿದು ಮನೆಬಿಟ್ಟು ಹೊರಟುಹೋದೆ.

ಆಗ ನನಗೆ ತಿಳಿದಿರಲಿಲ್ಲ, ಅದು ನಿಜ. ಆದರೆ ತಿಳಿಯದು ಎಂದು ಬರೆಯಬೇಕಾದಲ್ಲಿ ಇಲ್ಲ ಎಂದು ಬರೆದೆ. ತಂಗಿಗೆ ನಿನ್ನ ಮಾತೇ ಸಾಕಾಗಬೇಕಿತ್ತು. ತಪ್ಪಾಯಿತು ಅಕ್ಕಾ.

ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ನಿನ್ನನ್ನು ಕೇಳಿದಳು ಎನ್ನುವುದು ಸುಳ್ಳಲ್ಲ.

ನಿನ್ನ
ಬಾಲಂಗೋಚಿ

ತಾ. ಕ.: ನಿನ್ನೆ ಊಟಕ್ಕೆ ಮನೆಗೆ ಹೋದಾಗ ಅಪ್ಪನಿಗೆ ಎಲ್ಲ ಹೇಳಿದೆ. ಅರ್ಧ ಊಟದಲ್ಲೇ ಎದ್ದರು. ಇವತ್ತು ನೀನಿರುವ ಊರಿಗೆ ಬಸ್ಸಿನ ಟಿಕೆಟ್ ತಂದಿದ್ದಾರೆ, ಇಪ್ಪತ್ತನಾಲ್ಕರ ಭಾನುವಾರಕ್ಕೆ. "ಒಳಗೆ ಬಿಡ್ತಾಳಾ?" ಎಂದಷ್ಟೇ ಕೇಳಿದರು. ವಿಳಾಸ ಕೊಟ್ಟಿಲ್ಲ, ನೀನು ಹೂಂ ಅನ್ನದೆ ಕೊಡುವುದೂ ಇಲ್ಲ. ಬೇಡ ಎಂದರೆ ಟಿಕೆಟ್ ನಾನೇ ಹರಿಯುತ್ತೇನೆ.