ಹೋದವರು ಬಂದು ಹೇಳಬೇಕು

ಗಣಿ ರಸ್ತೆಯ ಹೊಲಿಗೆ ಅಂಗಡಿಯಿಂದ
ಸೋಮವಾರ, ಏಳನೇ ತಾರೀಖು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ರಾಜಧಾನಿಯಲ್ಲಿ ನಮ್ಮ ಕೆಂಪು ಧೂಳು ಇಲ್ಲದಿದ್ದರೂ ಹೊಗೆಗೇನು ಬರವಿಲ್ಲವಂತೆ. ಸಿಕ್ಕಿದ್ದನ್ನು ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನಿನ್ನ ಭಾವ ಆರಾಮ. ನನಗೆ ಶಾಲೆಯ ಯೂನಿಫಾರಂ ಹೊಲಿಯುವ ಕೆಲಸ ಕೈತುಂಬ ಇದೆ. ಎಲ್ಲ ಬಿಳಿ ಬಟ್ಟೆ. ಅದಿರಿನ ಲಾರಿ ಬಂದಾಗಲೆಲ್ಲ ಹಳೇ ಬೆಡ್‌ಶೀಟು ಹೊದಿಸಿ, ಅದು ದಾಟುವವರೆಗೆ ಕೈಕಟ್ಟಿ ಕೂರುತ್ತೇನೆ. ಹೊಲಿಯುವುದು ಅರ್ಧ ದಿನ, ಹೊದಿಸುವುದು ಅರ್ಧ ದಿನ.

ಹಾಗೆ ಕೂತಾಗ ಹಳೆಯದೆಲ್ಲ ನೆನಪಾಗುತ್ತದೆ. ನಮ್ಮ ಗುಂಪು ಹುಟ್ಟಿದ್ದು ಇದೇ ಅಂಗಡಿಯ ಕಟ್ಟೆಯ ಮೇಲಲ್ಲವೇ? ಕಂಪನಿ ಇಷ್ಟೊಂದು ಅದಿರು ತೆಗೆಯುತ್ತದೆ, ಸರ್ಕಾರಕ್ಕೆ ಎಷ್ಟು ಕಟ್ಟುತ್ತದೆ, ಅದರಲ್ಲಿ ನಮ್ಮ ಊರಿನ ಪಾಲೆಷ್ಟು, ಆ ಪಾಲು ಎಲ್ಲಿಗೆ ಹೋಯಿತು? ನಾವು ಕೇಳಿದ್ದು ಇಷ್ಟೇ. ಆಗ ನೀನೇ ಒಂದು ನಿಯಮ ಮಾಡಿದ್ದೆ. ಅಧಿಕಾರಿಯನ್ನೋ ಕಂಪನಿಯವರನ್ನೋ ನೋಡಲು ಹೋದವರು ಅದೇ ಸಂಜೆ ಅಂಗಡಿಗೆ ಬಂದು, ಎಲ್ಲರೆದುರು ನಿಂತು, ಆದದ್ದೆಲ್ಲ ಹೇಳಬೇಕು. ಕುಡಿದ ಟೀಯನ್ನೂ ಬಿಡುವ ಹಾಗಿಲ್ಲ. ಗಣಿಯಲ್ಲಿ ಸೈರನ್ ಊದುತ್ತಿದ್ದ ನಮ್ಮ ಸೈರನ್ ಮಾಮ (ಕೆಲಸದಿಂದ ನಿವೃತ್ತನಾದರೂ ಅವನ ಗಂಟಲು ಇನ್ನೂ ನಿವೃತ್ತವಾಗಿಲ್ಲ) ಒಮ್ಮೆ ಬಿಸ್ಕತ್ತು ತಿಂದದ್ದನ್ನು ಮುಚ್ಚಿಟ್ಟಿದ್ದ. ನೀನು ವಕೀಲರ ಹಾಗೆ ಪ್ರಶ್ನೆ ಹಾಕಿ ಬಾಯಿ ಬಿಡಿಸಿದೆ. ಆ ದಿನ ನಕ್ಕಷ್ಟು ನಾವು ಮತ್ತೆ ನಕ್ಕಿಲ್ಲ.

ಸರ್ಕಾರ ಕೊನೆಗೂ ಮಣಿದು ಸಮಿತಿ ಮಾಡಿತು. ಸರ್ಕಾರದವರು, ಕಂಪನಿಗಳವರು, ಜನರ ಕಡೆಯವರು ಒಂದೇ ಮೇಜಿನ ಸುತ್ತ ಕೂತು ಗಣಿ ಲೆಕ್ಕವನ್ನು ಬಯಲಿಗಿಡಬೇಕು ಎಂದಾಯಿತು. ಜನರ ಕಡೆಯಿಂದ ನೀನು. ಬಸ್ಸು ಹತ್ತಿಸಲು ಅರ್ಧ ಊರೇ ಬಂದಿತ್ತು. ನಿನ್ನ ನೀಲಿ ಅಂಗಿಯ ಸಡಿಲ ಗುಂಡಿಯನ್ನು ನಾನು ಬಸ್ ನಿಲ್ದಾಣದಲ್ಲೇ, ನೀನು ನಿಂತ ಹಾಗೇ, ಬಿಗಿದು ಹೊಲಿದೆ. ಅಲ್ಲಿ ಮೊದಲ ದಿನವೇ ನಿನ್ನ ಮುಂದೆ ಒಂದು ಕಾಗದ ಇಟ್ಟರಂತೆ. ವರದಿ ಹೊರಬರುವ ತನಕ ಒಳಗಿನ ಮಾತು ಹೊರಗೆ ಆಡುವಂತಿಲ್ಲ, ಸಹಿ ಹಾಕದಿದ್ದರೆ ಕುರ್ಚಿಯಿಲ್ಲ. ನೀನು ಹಾಕಿದೆ. ಅಷ್ಟು ದಿನ ಸುಮ್ಮನಿದ್ದರೆ ಏನು ಗಂಟು ಹೋಗುತ್ತದೆ ಎಂದುಕೊಂಡಿರಬೇಕು. ಬಯಲಿಗಿಡಿ ಎಂದು ಗಂಟಲು ಹರಿದುಕೊಂಡವನ ಬಾಯಿಗೇ ಮೊದಲು ಬೀಗ ಬಿತ್ತು.

ಮೊದಲ ಸಲ ನೀನು ಊರಿಗೆ ಬಂದಾಗ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾಡಿಕೆಯಂತೆ ಎದ್ದು ನಿಂತೆ. "ಸಹಿ ಹಾಕಿದೀನಿ, ಈಗ ಏನೂ ಹೇಳೋ ಹಾಗಿಲ್ಲ" ಅಂದೆ. ಸೈರನ್ ಮಾಮ ತಮಾಷೆ ಎಂದುಕೊಂಡು ನಕ್ಕ. ನೀನು ನಗಲಿಲ್ಲ. ಎರಡನೇ ಸಲ ಅಂಗಡಿಗೇ ಬರಲಿಲ್ಲ, ಮನೆಯಲ್ಲಿ ಉಂಡು ಹಿಂದಿನ ಓಣಿಯಿಂದ ಬಸ್ಸಿಗೆ ಹೋದೆ. ಊರ ಬಾಯಿಗೆ ಮುಚ್ಚಳ ಹಾಕಲಾಗುತ್ತದೆಯೇ? ಕಂಪನಿ ಕಾರಿನಲ್ಲಿ ಓಡಾಡುತ್ತಾನೆ ಎಂದರು, ಸೈಟು ಕೊಟ್ಟಿದ್ದಾರಂತೆ ಎಂದರು. ನಾನು ಒಬ್ಬೊಬ್ಬರ ಜೊತೆಗೂ ಜಗಳ ಆಡಿದೆ. ಕೆಲವು ಗಿರಾಕಿಗಳೂ ಹೋದರು. ಹೋಗಲಿ ಬಿಡು, ಒಂದು ರವಿಕೆಯನ್ನು ನಾಲ್ಕು ಸಲ ಬಿಚ್ಚಿಸಿ ಹೊಲಿಸುವವರು ಅವರು.

ಈಗ ಮೊದಲ ವರದಿ ಬಂದಿದೆ, ಇಟ್ಟಿಗೆಯಷ್ಟು ದಪ್ಪ. ಇನ್ನು ಸಮಿತಿ ವರ್ಷಕ್ಕೊಂದು ತರುತ್ತದಂತೆ. ಸೈರನ್ ಮಾಮ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದ. ಹುಡುಕಿ ಹುಡುಕಿ ಸಾಕಾಯಿತು. ನಮ್ಮ ಗಣಿಯ ಲೆಕ್ಕ ಬೇರೆಯಾಗಿ ಎಲ್ಲೂ ಇಲ್ಲ, ದೇಶದ ಗಣಿಗಳದ್ದೆಲ್ಲ ಸೇರಿಸಿ ಒಂದೇ ಮೊತ್ತ. ಹತ್ತು ಜನರ ಅಳತೆ ಕೂಡಿಸಿ ಒಂದು ಅಂಗಿ ಹೊಲಿದರೆ ಯಾರ ಮೈಗೆ ಆಗುತ್ತದೆ ಹೇಳು. ಕೊನೆಯ ಪುಟದಲ್ಲಿ ನಿನ್ನ ಸಹಿ. ನೀನು ಒಳಗೆ ಮೇಜು ಗುದ್ದಿರುತ್ತೀಯ, ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಬರಲಿ ಎಂದು ಹಲ್ಲು ಕಚ್ಚಿ ಒಪ್ಪಿರುತ್ತೀಯ. ನನಗೆ ಗೊತ್ತು. "ನಿಂಗೆ ಹೇಗೆ ಗೊತ್ತು, ಅವನು ಹೇಳಿದ್ನಾ?" ಎಂದು ಮಾಮ ಕೇಳಿದಾಗ ಮಾತ್ರ ತಲೆ ತಗ್ಗಿಸಿ ಹೊಲಿಗೆ ಯಂತ್ರ ತುಳಿದೆ. ವರದಿ ಬಂದ ಮೇಲಾದರೂ ಬಂದು ನಿಂತು ಹೇಳುತ್ತೀಯ ಎಂದು ಎಲ್ಲರೂ ದಾರಿ ನೋಡಿದರು. ನೀನು ಫೋನೂ ಎತ್ತಲಿಲ್ಲ. ಸಿಟ್ಟೋ, ನಾಚಿಕೆಯೋ, ಎರಡಕ್ಕೂ ನಿನಗೆ ಹಕ್ಕಿದೆ. ನಿನ್ನನ್ನು ಅಲ್ಲಿಗೆ ಒಬ್ಬನನ್ನೇ ಕಳಿಸಬಾರದಿತ್ತು ಕಣೋ.

ಅಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಭಾವನೂ ನಿನ್ನನ್ನು ಕೇಳಿದ್ದಾರೆ. ಎಲ್ಲಿದ್ದರೂ ಚೆನ್ನಾಗಿರು.

ನಿನ್ನ
ಅಕ್ಕ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ಮುಖ್ಯ ವಿಷಯ ಬರೆಯಲು ಕೈಬಾರದೆ ಉಳಿದದ್ದನ್ನೆಲ್ಲ ಬರೆದೆ. ನಿನ್ನೆ ಗುಂಪು ಸೇರಿತ್ತು. ನಿನ್ನನ್ನು ಸಮಿತಿಯಿಂದ ವಾಪಸು ಕರೆಸುವುದೆಂದು ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ನಾನೂ ಇದ್ದೆ. ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು. ನಿನ್ನ ಜಾಗಕ್ಕೆ ನನ್ನನ್ನೇ ಹೋಗು ಎಂದರು, ಆಗಲಿ ಎಂದುಬಿಟ್ಟೆ. ಅಲ್ಲಿ ನನ್ನ ಮುಂದೆಯೂ ಅದೇ ಕಾಗದ ಇಡುತ್ತಾರೆ. ಸಹಿ ಹಾಕಲೋ, ಬೇಡವೋ? ತಮ್ಮಾ, ಇದನ್ನು ಕೇಳಲು ನನಗೆ ನಿನ್ನನ್ನು ಬಿಟ್ಟರೆ ಇನ್ಯಾರೂ ಇಲ್ಲ.