ವೃಶ್ಚಿಕ ರಾಶಿಯವರಿಗೆ

ಕೋಥರೂಡ, ಪುಣೆ. ಸೋಮವಾರ, ಸಂಜಿಮುಂದ.

ಪ್ರೀತಿಯ ಅಕ್ಕಾ,

ಆರಾಮ ಇದ್ದೀಯಿಲ್ಲೊ? ಕಣ್ಣು ಹ್ಯಾಂಗ ಅದ? ಪೊರಿ ಬಂದ ಮ್ಯಾಲ ನಿನಗ ಅಕ್ಷರ ಕಾಣೂದಿಲ್ಲಂತ ಹಿಂಗ ಮೊಬೈಲಿನಾಗ ಮಾತಾಡಿ ಕಳಸಾಕತ್ತೀನಿ. ಊರು, ವಾರ ಮೊದಲು ಹೇಳದಿದ್ರ ಅಪ್ಪ ಸಿಟ್ಟಾಗತಿದ್ದ, ಆ ರೂಢಿ ಹೋಗಿಲ್ಲ ನೋಡು. ಗುರುವಾರ ನಿನ್ನ ಆಪರೇಷನ್ನಿಗೆ ಮಾಮಾರು ರಜಾ ಹಾಕ್ಯಾರಂತ ಕೇಳಿ ಸಮಾಧಾನಾತು.

ನನ್ನ ಸುದ್ದಿ ಏನ್ ಹೇಳ್ಲಿ. ನಮ್ಮ ರೇಡಿಯೊದಾಗ ಮುಂಜಾನಿ ಅರ್ಧಾ ತಾಸಿನ ಖಯಾಲ ಗಾಯನ ತಗದು ಹಾಕಿದ್ರು. ನೀ ಅಲ್ಲೆ ಸಾಸವಡದ ಮನಿಯಾಗ ಅದನ್ನ ಕೇಳಕೋತನ ರೊಟ್ಟಿ ಬಡೀತಿದ್ದಿ. "ಇವರು ದ್ರುತಕ್ಕ ಬರೂದ್ರಾಗ ನನ್ನ ಹಿಟ್ಟು ಮುಗೀತದ" ಅಂತಿದ್ದಿ. ಈಗ ಬರೇ ಹಾಡಿನ ತುಂಡು. ಪಲ್ಲವಿ ಮುಗಿಯೂದಕ್ಕ ಜಾಹೀರಾತು. ಹೊಸಾ ಮ್ಯಾನೇಜರ್ ಕೇತಕಿ ಕೆಟ್ಟ ಹುಡುಗಿ ಅಲ್ಲ. "ಸರ್, ಲೋಕ ಥಾಂಬತ್ ನಾಹಿತ್" ಅಂತಾಳ, ಜನಾ ನಿಲ್ಲೂದಿಲ್ಲಂತ. ನಿಲ್ಲಸೂದು ನಮ್ಮ ಕೆಲಸ ಅಲ್ಲೇನವಾ ಅಂತ ಕೇಳಬೇಕಿತ್ತು. ದಣಿದೀನಿ, ಕೇಳಲಿಲ್ಲ.

ಆಮ್ಯಾಲ ನನ್ನ ವಿಜ್ಞಾನದ ಕಾರ್ಯಕ್ರಮಾನೂ ಹೋತು. ಗ್ರಹಣದಾಗ ಉಂಡ್ರ ಏನೂ ಆಗೂದಿಲ್ಲಂತ ನಾ ಅದರಾಗ ಹೇಳಿದ ದಿನಾ, ನೀ ನಿಮ್ಮ ಅತ್ತಿ ಎದುರಿಗೇ ತಾಟು ಹಾಕ್ಕೊಂಡು ಕುಂತಿದ್ದಿ, "ನಮ್ಮ ತಮ್ಮ ಹೇಳ್ಯಾನ್ರಿ" ಅಂತ! ಅತ್ತಿ ವಾರಗಟ್ಟಲೆ ಮಾತು ಬಿಟ್ಟಿದ್ರು. ಅದರ ಜಾಗಾದಾಗ ಈಗ ರಾಶಿಫಲ. ಓದಾಂವ ನಾನೇ. ಜನಾ ನನ್ನ ದನಿ ನಂಬತಾರಂತ. ಬರಿಯೋರು ಪಂಚಾಂಗನೂ ತಗಿಯೂದಿಲ್ಲ, ಹ್ವಾದ ವರ್ಷದ್ದನ್ನ ರಾಶಿ ಬದಲಿಸಿ ಕಳಸತಾರ. ಬಿಡಾಕ ಬರೂದಿಲ್ಲ, ಐವತ್ತಾದಾಂವಗ ಮತ್ತೊಂದು ಕೆಲಸಾ ಯಾರು ಕೊಡತಾರ? ಈ ವಾರದ್ದಷ್ಟೂ ಇವತ್ತ ಓದಿ ರೆಕಾರ್ಡ್ ಮಾಡಿ ಬಂದೆ. ಗಂಟಲಕ್ಕಿಂತ ಮನಸ್ಸು ಒಣಗೇದ.

ಮಾಮಾರಿಗೆ, ಅತ್ತಿಯವರಿಗೆ ನಮಸ್ಕಾರ ಹೇಳು. ಒಲಿ ಹತ್ರ ಭಾಳ ಹೊತ್ತು ನಿಂದರಬ್ಯಾಡ.

ನಿನ್ನ ತಮ್ಮ,
ಹೊಳಬಸಪ್ಪ

ತಡಿ ಅಕ್ಕಾ, ಬಂದ್ ಮಾಡಬ್ಯಾಡ. ಗುರುವಾರ ಮುಂಜಾನಿ ರೇಡಿಯೊದಾಗ, ವೃಶ್ಚಿಕ ರಾಶಿಯವರು ಇವತ್ತು ಶಸ್ತ್ರಕ್ರಿಯೆ ಮುಂದ ಹಾಕಬೇಕು ಅಂತ ಬರ್ತದ. ನಿನ್ನ ರಾಶಿ, ನನ್ನ ದನಿ. ಈ ಸಾಲು ತಗೀರಿ ಅಂದೆ, "ಜಾವೂ ದ್ಯಾ ಸರ್", ಹೋಗ್ಲಿ ಬಿಡ್ರಿ ಅಂತ, ಕೇತಕಿ ನಕ್ಕಳು. ನೀ ಅಂತೂ ರೇಡಿಯೊ ಹಚ್ಚಬ್ಯಾಡ. ಅತ್ತಿ ಹಚ್ಚತಾರ. ಕೇಳಿ, ಇಷ್ಟು ವರ್ಷಕ್ಕ ಮೊದಲನೇ ಸಲ, "ನಿನ್ನ ತಮ್ಮನೇ ಹೇಳ್ಯಾನಲ್ಲ" ಅಂತಾರ. ಆವಾಗ ಅವರಿಗೆ ಇದನ್ನ ಕೇಳಸು. ಕೇಳಿಸಿ, ದವಾಖಾನಿಗೆ ಹೋಗು.